ಮತ್ತಿಹಾಡಿ ಪಾಯಿಂಟು

ಸೋಮಶೇಖರನ ಮನೆಯ ಮುಂಗೋಡೆಯಲ್ಲಿ, ಬಾಗಿಲಿನ ಬಲಕ್ಕೆ, ಕಾಸಗಲದ ಒಂದು ಬಿಳಿಚು ಗುರುತಿತ್ತು. ಕೆಮ್ಮಣ್ಣು ಬಳಿದ ಗೋಡೆಯಲ್ಲಿ ಆ ಜಾಗಕ್ಕೆ ಮಾತ್ರ ಬಿಸಿಲೂ ತಾಗಿರಲಿಲ್ಲ, ಒಲೆಯ ಹೊಗೆಯೂ ತಾಗಿರಲಿಲ್ಲ. ಮೊದಲು ಅಲ್ಲಿ ಪೊಲೀಸಿನವರ ಕರಿ ಬಿಲ್ಲೆ ಇತ್ತು.

ಬೀಟಿನ ಪೊಲೀಸು ದಿನಾ ಸಂಜೆ ಬಂದು ಆ ಬಿಲ್ಲೆಗೆ ತನ್ನ ಫೋನು ಮುಟ್ಟಿಸಬೇಕು. ಫೋನು ಕೀಂಕ್ ಅನ್ನುತ್ತದೆ, ಹಸಿರು ದೀಪ ಹತ್ತುತ್ತದೆ. ಫೋನಿಗೆ ನೆಟ್‌ವರ್ಕ್ ಸಿಕ್ಕ ಕೂಡಲೇ, ಇವತ್ತು ಈ ಜಾಗಕ್ಕೆ ಪೊಲೀಸು ಬಂದು ನೋಡಿ ಹೋದ ಅಂತ ಮೈಸೂರಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಮಾರಿಗದ್ದೆ ಠಾಣೆಯ ಸರಹದ್ದಿನಲ್ಲಿ ಕೊನೆಯದು ಮತ್ತಿಹಾಡಿ, ಕಾಡಿನ ಜನರ ಕೇರಿ. ಹಾಡಿಯಲ್ಲಿ ಕೊನೆಯದು ಸೋಮಶೇಖರನ ಮನೆ. ಅದರಾಚೆ ಆನೆ ದಾಟದಂತೆ ತೋಡಿದ ಟ್ರೆಂಚು, ಟ್ರೆಂಚಿನಾಚೆ ಕಾಕನಕೋಟೆ ಕಾಡು. ಹಾಗಾಗಿ ಬಿಲ್ಲೆ ಅವನ ಗೋಡೆಗೇ ಬಂದು ಕೂತಿತ್ತು. ಪೊಲೀಸರ ಲೆಕ್ಕದಲ್ಲಿ ಅದು ಮತ್ತಿಹಾಡಿ ಪಾಯಿಂಟು.

ದನ ಮನೆಗೆ ತಿರುಗೋ ಹೊತ್ತಿಗೆ ಪೇದೆ ಚಿಕ್ಕಣ್ಣ ಬರುತ್ತಿದ್ದ. ಬೈಕಿನಿಂದ ಇಳಿಯುವ ಮೊದಲೇ ಕೂಗು.

"ನಿಂಗವ್ವಾ, ಕಾಪಿ ಐತಾ ತಾಯಿ?"

ಒಳಗಿನಿಂದ ಸೋಮಶೇಖರನ ಅಕ್ಕ ನಿಂಗಿ, "ಪೊಲೀಸ್ನೋರ್ಗೆ ಇಲ್ಲ. ನಮ್ಮ ಚಿಕ್ಕಣ್ಣಣ್ಣನಿಗಾದ್ರೆ ಐತೆ," ಅನ್ನುತ್ತಿದ್ದಳು.

"ಅಂಗಾದ್ರೆ ಟೋಪಿ ತಗುದ್ಬುಡ್ತೀನಿ ಕಣವ್ವ."

ಬೆಲ್ಲದ ಕರಿಕಾಫಿ ಕುಡಿದು, ಬಿಲ್ಲೆಗೆ ಫೋನು ಮುಟ್ಟಿಸಿ, "ಆನೆ ಬಂದಿತ್ತಾ, ಮೇಸ್ತ್ರಿಗಳು ಯಾರಾದ್ರೂ ಬಂದಿದ್ರಾ" ಅಂತ ನಾಲ್ಕು ಮಾತು ಕೇಳಿ ಹೋಗುತ್ತಿದ್ದ. ಸೋಮಶೇಖರನಿಗೆ ಖಾಕಿ ಕಂಡರೆ ಆಗದು. ಆದರೂ ಸಂಜೆ ಆ ಬೈಕಿನ ಸದ್ದು ಕೇಳದಿದ್ದರೆ ಅವನಿಗೂ ಏನೋ ಕಳೆದುಕೊಂಡ ಹಾಗೆ. ಅಪ್ಪ ಅವ್ವ ಸತ್ತು ಎಷ್ಟೋ ಕಾಲವಾಗಿತ್ತು. ಹಾಡಿಯವರ ಹೊರತು ಈ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಿದ್ದವನು ಚಿಕ್ಕಣ್ಣನೊಬ್ಬನೇ.

ಹೋದ ಮಳೆಗಾಲದಲ್ಲಿ ಒಂದು ದಿನ ಚಿಕ್ಕಣ್ಣ ಕಾಫಿ ಕುಡಿಯದೆ, ಸ್ಕ್ರೂಡ್ರೈವರಿನಿಂದ ಮೀಟಿ ಬಿಲ್ಲೆ ಕಿತ್ತುಕೊಂಡ. "ರಿಪೇರಿಗೆ ಕೇಳವ್ರೆ ಕಣವ್ವ," ಅಂದ. ಆಮೇಲೆ ಬಿಲ್ಲೆಯೂ ಬರಲಿಲ್ಲ, ಅವನೂ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ, ತೋಟಗಳಿಗೆ ಕೂಲಿಯಾಳು ಒಯ್ಯುವ ಮೇಸ್ತ್ರಿ ಕಾಂತರಾಜ್ ಜೀಪು ತಂದ. ಕೊಡಗಿನಲ್ಲಿ ಸಿದ್ದಾಪುರದ ಕಡೆ ತೋಟ, ಕಾಫಿ ಕೊಯ್ಲು. ಹಾಡಿಯ ಹೆಂಗಸರು ಪ್ರತಿ ವರ್ಷ ಹೋಗುವವರೇ. ನಿಂಗಿಯೂ ಹತ್ತಿದಳು. "ಮೇಣದುಂಡೆ ಇಲಿ ತಿಂದಾತು, ಮ್ಯಾಲಿಡು," ಅಂತ ಜೀಪಿನ ಹಿಂದಿನಿಂದ ಕೂಗಿ ಹೇಳಿದ್ದೇ ಕೊನೆ. ಶಿವರಾತ್ರಿಗೆ ಮುಂಚೆ ಎಲ್ಲರೂ ವಾಪಸು ಬಂದರು, ನಿಂಗಿ ಬರಲಿಲ್ಲ. ಜೊತೆಗಿದ್ದವರು, "ಒಂದಿನ ಬೆಳಿಗ್ಗೆ ತೋಟದ ಲೈನುಮನೇಲಿ ಇರ್ಲಿಲ್ಲ ಕಣಪ್ಪ. ಕೇಳಿದ್ಕೆ ಬೇರೆ ತೋಟಕ್ಕೆ ಕಳಿಸಿವ್ನಿ ಅಂದ ಕಾಂತರಾಜ್," ಅಂದರು. ಕಾಂತರಾಜನನ್ನು ಕೇಳಿದರೆ, "ಅವಳೇ ಹೇಳ್ದೆ ಕೇಳ್ದೆ ಹೋದ್ಲು," ಅಂದ. ಎರಡು ಮಾತು. ಎರಡರಲ್ಲಿ ಒಂದಂತೂ ಸುಳ್ಳು.

ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲ. ಕೆರೆಯ ಮೇಲಿನ ಬಂಡೆ ಹತ್ತಿದರೆ ಒಂದು ಕಡ್ಡಿ ಸಿಗುತ್ತದೆ. ಸೋಮಶೇಖರ ದಿನಾ ಬಂಡೆ ಹತ್ತಿ ಅಕ್ಕನಿಗೆ ಫೋನು ಹಚ್ಚುತ್ತಿದ್ದ. ಸ್ವಿಚ್ ಆಫ್ ಆಗಿದೆ ಅನ್ನುವ ಆ ಹೆಂಗಸಿನ ದನಿ ಅವನಿಗೆ ಎಷ್ಟು ರೂಢಿಯಾಯಿತೆಂದರೆ, ಒಂದು ದಿನ ಅವಳ ಮೇಲೇ ಕೂಗಾಡಿಬಿಟ್ಟ. ಕೆರೆಯಲ್ಲಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು.

ಮಾರಿಗದ್ದೆ ಠಾಣೆಗೆ ಹೋದ. ಅಲ್ಲಿ ಮದುವೆ ಮನೆಯಂತೆ ಸಡಗರ. ಗೋಡೆಗೆ ಹೊಸ ಬಣ್ಣ, ಮೆಟ್ಟಿಲ ಮೇಲೆ ಸರಗೂರಿನ ನರ್ಸರಿಯಿಂದ ತಂದ ಹೂಕುಂಡ. ಒಳ್ಳೆಯ ಠಾಣೆ ಯಾವುದೆಂದು ಆರಿಸಲು ಊರೂರಿನ ಠಾಣೆಗಳಿಗೆ ಮಾರ್ಕ್ಸು ಕೊಡುವ ತಂಡವೊಂದು ಬರುತ್ತದಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಸೋಮಶೇಖರ, ಮಾರ್ಕ್ಸು ಅಂದರೆ ತನ್ನಂಥವರನ್ನು ಹೊರಗೆ ಹಾಕಲು ಮಾಡಿದ್ದು ಅಂದುಕೊಂಡಿದ್ದ. ಪೊಲೀಸರಿಗೂ ಪರೀಕ್ಷೆ ಉಂಟು ಅಂತ ಆವತ್ತು ಗೊತ್ತಾಯಿತು. ಅವರಿಗೂ ಅದರ ಭಯ ಉಂಟು ಅಂತಲೂ ಗೊತ್ತಾಯಿತು.

ಸಬ್ ಇನ್ಸ್‌ಪೆಕ್ಟರ್ ಚೇತನ್ಕುಮಾರ್ ಹೂಕುಂಡಗಳನ್ನು ಸಾಲಾಗಿ ಇಡಿಸುತ್ತಲೇ ಕೇಳಿಸಿಕೊಂಡ.

"ಎಷ್ಟು ವಯಸ್ಸು ನಿಮ್ಮಕ್ಕಂಗೆ?"

"ಮೂವತ್ತರ ಮ್ಯಾಗೆ ಆಗದೆ ಸಾ."

"ಮದುವೆ?"

"ಇಲ್ಲ ಸಾ. ನನ್ನ ಸಾಕ್ತಾ ಉಳ್ಕಂಡ್ಲು."

"ಇನ್ನೇನ್ ಮತ್ತೆ? ಈಗ ಮಾಡ್ಕೊಂಡಿರ್ತಾಳೆ ಬಿಡು," ಅಂದ ಚೇತನ್ಕುಮಾರ್. ಕುಂಡ ಹಿಡಿದಿದ್ದವನು ನಕ್ಕ. "ನೋಡೋ, ಕಾಣೆಯಾದ ಕೇಸು ಬರಕೊಂಡ್ರೆ ಹುಡುಕಬೇಕು. ಹುಡುಕಿ ಸಿಗ್ದೇ ಇದ್ರೆ ಮಾರ್ಕ್ಸ್ ಹೋಗುತ್ತೆ. ಈ ಠಾಣೇಲಿ ಬಾಕಿ ಕೇಸು ಒಂದೂ ಇಲ್ಲ ಗೊತ್ತಾ? ತಂಡ ಬಂದು ಹೋಗ್ಲಿ. ಆಮೇಲೆ ಬಾ."

ಬಾಕಿ ಒಂದೂ ಇಲ್ಲ. ಬರೆದುಕೊಳ್ಳದಿದ್ದರೆ ಬಾಕಿ ಎಲ್ಲಿಂದ ಬರುತ್ತದೆ? ಬಿತ್ತದ ಹೊಲದಲ್ಲಿ ಕಳೆ ಇಲ್ಲ ಅಂತ ಬೀಗಿದ ಹಾಗೆ. ಸೋಮಶೇಖರ ಠಾಣೆಯ ಹಿಂದಿನ ಜಯಲಕ್ಷ್ಮಮ್ಮನ ಹೋಟೆಲಿಗೆ ಬಂದು ಕೂತ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ತಿನ್ನಬೇಕು ಅಂತಲೂ ಅನ್ನಿಸಲಿಲ್ಲ.

ಆಗ ಕೇಳಿಸಿತು. ಕೀಂಕ್. ಸ್ವಲ್ಪ ಬಿಟ್ಟು ಮತ್ತೆ ಕೀಂಕ್. ಮತ್ತೆ ಕೀಂಕ್.

ಹೋಟೆಲಿನ ಹಿಂಗೋಡೆಯಲ್ಲಿ, ತಗಡಿನ ಮಾಡಿನ ಕೆಳಗೆ, ಕರಿ ಬಿಲ್ಲೆಗಳು ಸಾಲಾಗಿ ಅಂಟಿದ್ದವು. ಪ್ರತಿಯೊಂದರ ಕೆಳಗೂ ಸುಣ್ಣದಲ್ಲಿ ಊರಿನ ಹೆಸರು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಫೋನು ಹಿಡಿದ ಚಿಕ್ಕಣ್ಣ ಗುಡಿಯ ಗಂಟೆ ಬಾರಿಸಿಕೊಂಡು ಹೋಗುವ ಭಕ್ತನಂತೆ ಒಂದೊಂದಕ್ಕೂ ಮುಟ್ಟಿಸುತ್ತಾ ಬರುತ್ತಿದ್ದ. ಕೊನೆಯದು ಮತ್ತಿಹಾಡಿ. ಕೀಂಕ್. ಹಸಿರು.

ತಿರುಗಿದವನು ಸೋಮಶೇಖರನನ್ನು ಕಂಡ. ಟೀ ತುಳುಕಿತು.

"ಏನ್ಲಾ, ನೀನ್ಯಾವಾಗ್ ಬಂದೆ?"

"ನೀವ್ಯಾವಾಗ್ ಬಂದ್ರಿ ಅಂತ ಕೇಳಾನಾ ಅಂತಿದ್ದೆ. ಈಗ ತಾನೇ ನಮ್ಮನೆಗೆ ಬಂದು ಬಂದ್ರಲ್ಲ."

"ಬುಡ್ಲಾ, ಬಾಯ್ಮಾಡ್ಬ್ಯಾಡ. ಇರೋರು ಮೂರು ಮತ್ತೊಬ್ರು. ಬೈಕಿಗೆ ಪೆಟ್ರೋಲ್ ಕೊಡಲ್ಲ. ದಾರೀಲಿ ಆನೆ. ನಿಮ್ ಕಡೆ ನೆಟ್‌ವರ್ಕ್ ಇಲ್ದೆ ಇರೋದ್ರಿಂದ ಜಾಗ ತೋರ್ಸೋದನ್ನ ಬುಟ್ಬುಟ್ಟವ್ರೆ. ಎಲ್ಲಿ ಮುಟ್ಟಿಸ್ದೆ ಅಂತ ಗೊತ್ತಾಗಲ್ಲ, ಮುಟ್ಟಿಸ್ದೆ ಅಂತ ಮಾತ್ರ ಗೊತ್ತಾಯ್ತದೆ. ಸಾಹೇಬ್ರೇ ಮಾಡ್ಸಿದ್ದು, ನಂದೇನೈತೆ?"

"ಕಂಪ್ಯೂಟರ್ ಲೆಕ್ಕದಲ್ಲಿ ನೀವು ನಿನ್ನೇನೂ ಬಂದಿದ್ರಿ, ಮೊನ್ನೇನೂ ಬಂದಿದ್ರಿ. ನಮ್ಮಕ್ಕ ಮನೇಲಿದ್ಲಾ ಚಿಕ್ಕಣ್ಣಣ್ಣ?"

ಚಿಕ್ಕಣ್ಣನಿಗೆ ಅರ್ಥವಾಗಲಿಲ್ಲ. "ನಿಂಗವ್ವನಾ? ಯಾಕೆ, ಎಲ್ಲೋಗವ್ಳೆ?" ಅಂದ.

ಇದೇ ಮಾತನ್ನು ಇವನು ಅಂಗಳದಲ್ಲಿ ನಿಂತು ಕೇಳಿದ್ದಿದ್ದರೆ? ಜೀಪು ಹೋದ ಮಾರನೆಯ ಸಂಜೆಯೇ ಕೇಳುತ್ತಿದ್ದ. ಎಲ್ಲಿಗೆ, ಯಾವ ತೋಟ, ಯಾವ ಮೇಸ್ತ್ರಿ ಅಂತ ಕೇಳುತ್ತಿದ್ದ. ಪೊಲೀಸಿನವ ಕೇಳಿ ಹೋಗಿದ್ದಾನೆ ಅಂತ ಕಾಂತರಾಜನ ಕಿವಿಗೂ ಬೀಳುತ್ತಿತ್ತು. ಸೋಮಶೇಖರ ಎದ್ದುಬಿಟ್ಟ.

ಚಿಕ್ಕಣ್ಣ ಠಾಣೆಯೊಳಗೆ ಹೋದ. ಜಯಲಕ್ಷ್ಮಮ್ಮ ಒಲೆಯ ಕಡೆ ತಿರುಗಿದಳು. ಸೋಮಶೇಖರ ಸೊಂಟದ ಚೂರಿ ತೆಗೆದು ತನ್ನ ಮನೆಯ ಬಿಲ್ಲೆಯನ್ನು ಮೀಟಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಕದ್ದೆ ಅಂತ ಅನ್ನಿಸಲಿಲ್ಲ, ತನ್ನ ಹಟ್ಟಿಯ ಮೇಕೆಯನ್ನು ಬೇರೆಯವರ ದೊಡ್ಡಿಯಿಂದ ಬಿಡಿಸಿಕೊಂಡು ಬಂದಂತೆ ಅನ್ನಿಸಿತು.

ಮನೆಯಲ್ಲಿ ಅಕ್ಕ ಎತ್ತಿಡಲು ಹೇಳಿದ್ದ ಜೇನುಮೇಣದ ಉಂಡೆಯಿತ್ತು. ಇಲಿ ಒಂದು ಕಡೆ ಕೆರೆದಿತ್ತು. ಚೂರು ಮುರಿದು ಒಲೆಯ ಶಾಖಕ್ಕೆ ಹಿಡಿದು, ಬಿಲ್ಲೆಯ ಹಿಂದೆ ಬಳಿದು, ಗೋಡೆಯ ಹಳೆಯ ಬಿಳಿಚು ಗುರುತಿನ ಮೇಲೆ ಸರಿಯಾಗಿ ಒತ್ತಿದ. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲದೆ ಕೂತಿತು. ಇನ್ನು ಬರಲೇಬೇಕು. ಬಂದರೆ ಅಂಗಳದಲ್ಲಿ ನಿಲ್ಲಬೇಕು. ನಿಂತರೆ ಕೇಳಲೇಬೇಕು.

ಆ ಸಂಜೆ ಕಾಫಿಗೆ ಎಸರಿಟ್ಟ. ಯಾರೂ ಬರಲಿಲ್ಲ. ಮಾರನೆಯ ಸಂಜೆಯೂ ಇಟ್ಟ. ಟ್ರೆಂಚಿನಾಚೆ ಬಿದಿರು ಮುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಕ್ಕ ಇದ್ದಾಗ ಈ ಮನೆ ಇಬ್ಬರಿಗೆ ಇಕ್ಕಟ್ಟು ಅನ್ನಿಸುತ್ತಿತ್ತು. ಈಗ ಒಳಗೆ ಕೆಮ್ಮಿದರೆ ಕೆಮ್ಮು ಗೋಡೆಗೆ ಹೋಗಿ ಮುಟ್ಟಲು ಹೊತ್ತು ಹಿಡಿಯುತ್ತಿತ್ತು. ಅವಳ ಚಾಪೆ ಸುತ್ತಿದ್ದು ಸುತ್ತಿದ ಹಾಗೆ ಮೂಲೆಯಲ್ಲಿ ನಿಂತಿತ್ತು. ಅದನ್ನು ಕಂಡರೆ ಯಾರೋ ಗೋಡೆಗೆ ಮುಖ ಮಾಡಿ ನಿಂತಂತೆ ಕಾಣುತ್ತಿತ್ತು. ಬಿಚ್ಚಿ ಹಾಸುವ ಧೈರ್ಯವೂ ಅವನಿಗಿರಲಿಲ್ಲ.

ಅದರ ಮಾರನೆಯ ದಿನ ಬೈಕು ಬಂತು. ರೂಢಿಯೆಂಬುದು ಎಂಥದ್ದು ನೋಡಿ. ಬಯ್ಯಬೇಕೆಂದು ಹಲ್ಲು ಕಚ್ಚಿಕೊಂಡೇ ಬಂದಿದ್ದ ಚಿಕ್ಕಣ್ಣನ ಬಾಯಿ, ಮತ್ತಿಮರದ ಕೆಳಗೆ ಬೈಕು ನಿಲ್ಲಿಸುತ್ತಿದ್ದ ಹಾಗೆ ತಾನಾಗಿ ತೆರೆಯಿತು.

"ನಿಂಗವ್ವಾ, ಕಾಪಿ ಐತಾ ತಾಯಿ?"

ಇಬ್ಬರೂ ಬಾಗಿಲ ಕಡೆ ನೋಡುತ್ತಾ ನಿಂತರು. ಕೋಳಿಯೊಂದು ಹೊಸ್ತಿಲು ದಾಟಿ ಹೊರಗೆ ಬಂತು. ಸೋಮಶೇಖರ ಎಲ್ಲವನ್ನೂ ಹೇಳಿದ. ಜೀಪು, ಕಾಂತರಾಜ್, ಎರಡು ಮಾತು, ಠಾಣೆಯಲ್ಲಿ ಆದದ್ದು. ಚಿಕ್ಕಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತು ಕೇಳಿದ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡ, ಕುಡಿಯಲಿಲ್ಲ.

"ಸಾಹೇಬ್ರಿಗೆ ಏಳ್ತೀನಿ ಕಣ್ಲಾ," ಅಂದ. "ಬಿಲ್ಲೆ ಕೊಡು. ನಿನ್ನೆಯಿಂದ ಮತ್ತಿಹಾಡಿ ಒಂದೇ ಕೆಂಪು ತೋರಿಸ್ತಾ ಐತೆ. ನನ್ನ ತಲೆ ತಗೀತಾರೆ."

"ಅಲ್ಲೇ ಐತಲ್ಲ, ಮುಟ್ಟಿಸ್ಕಳಿ. ಬಂದಿದೀರಲ್ಲ, ಇವತ್ತು ಸುಳ್ಳಲ್ಲ."

ಚಿಕ್ಕಣ್ಣ ಮುಟ್ಟಿಸಿದ. ಕೀಂಕ್ ಅಂತು. ಹಸಿರು ಬಂತು. ಅವನು ಬಿಲ್ಲೆಯನ್ನು ಕೀಳದೆ ಹೋದ. ಅಷ್ಟಕ್ಕೇ ಸೋಮಶೇಖರನಿಗೆ ಗೆದ್ದ ಹಾಗಾಯಿತು. ಗೆಲುವಲ್ಲ ಅದು. ಮೈಮೇಲೆ ಎಳೆದುಕೊಂಡ ಬಲೆ ಅಂತ ಎರಡೇ ದಿನದಲ್ಲಿ ಗೊತ್ತಾಯಿತು.

ಮಾರ್ಕ್ಸಿನ ತಂಡದವರು ಬಂದರು. ಠಾಣೆಯ ಪಾಯಿಂಟುಗಳೆಲ್ಲ ತಿಂಗಳುಗಟ್ಟಲೆ ಹಸಿರಾಗಿರುವಾಗ ಮತ್ತಿಹಾಡಿಯಲ್ಲಿ ಮಾತ್ರ ಎರಡು ಕೆಂಪು ಯಾಕೆ ಅಂತ ಕೇಳಿದರು. ಆನೆ ಮೇಡಂ ಅಂತ ಚೇತನ್ಕುಮಾರ್ ಹೇಳಿದನಂತೆ. ಸರಿ, ಅದನ್ನೇ ನೋಡೋಣ ಅಂದರಂತೆ. ಎರಡು ಜೀಪು ಹಾಡಿಗೆ ಬಂದವು. ಇಳಿದವಳು ಉಷಾರಾಣಿ ಅಂತ, ತಂಡದ ಮೇಡಂ. ಕೈಯಲ್ಲಿ ಅಗಲವಾದ ಫೋನು, ಕಾಲಲ್ಲಿ ಕ್ಯಾನ್ವಾಸ್ ಶೂ, ಮಾತು ಮೆದು. ಹಿಂದೆ ಚೇತನ್ಕುಮಾರ್, ಅವನ ಹಿಂದೆ ಚಿಕ್ಕಣ್ಣ.

ಗೋಡೆ ಖಾಲಿ ಇದ್ದಿದ್ದರೆ ಆವತ್ತು ಮಾರಿಗದ್ದೆ ಠಾಣೆಯ ಬಣ್ಣವೆಲ್ಲ ಕಳಚಿ ಬೀಳುತ್ತಿತ್ತು. ಬಿಲ್ಲೆ ಇಲ್ಲಿತ್ತು. ಸೋಮಶೇಖರನೇ ತಂದು, ತನ್ನ ಅಕ್ಕನ ಮೇಣದಿಂದಲೇ ಅಂಟಿಸಿದ್ದ.

ಉಷಾರಾಣಿ ಫೋಟೋ ಹಿಡಿದಳು. ಬಗ್ಗಿ ಮೂಸಿದಳು. "ಜೇನುಮೇಣ ಅಲ್ವಾ?" ಅಂತ ನಕ್ಕಳು. "ನೀವೇ ಹಾಕಿದ್ರಾ?"

"ಹೂಂ."

"ಜನಾನೇ ಇಷ್ಟು ಜೋಪಾನ ಮಾಡಿದ್ದಾರೆ, ನೋಡಿ. ಬೀಟ್ ಪೊಲೀಸ್ ಬರ್ತಾರಾ?"

"ಮೊನ್ನೆ ಬಂದಿದ್ರು."

ಅವಳ ಬೆರಳು ಫೋನಿನ ಮೇಲೆ ಆಡಿತು. ಸೋಮಶೇಖರನಿಗೆ ಆಗ ಹೊಳೆಯಿತು, ಏನು ಹೇಳಿಬಿಟ್ಟೆ ಅಂತ. ಅವಸರದಲ್ಲಿ ಒದರಿದ, "ಮೊನ್ನೆ ಮಾತ್ರ ಮೇಡಮ್ಮಾರೆ! ಮಳೆಗಾಲದಿಂದ ಇದು ಇಲ್ಲಿರ್ಲಿಲ್ಲ. ಜಯಲಕ್ಷ್ಮಮ್ಮನ ಓಟ್ಲು ಹಿಂದೆ ಇತ್ತು. ಅಲ್ಲೇ ಟೀ ಕುಡೀತಾ ಮುಟ್ಟಿಸ್ಕಂಡು ಕೂರ್ತಾರೆ. ನಾನೇ ಕಿತ್ಕಂಡು ಬಂದೆ. ಇವರ್ನ ಕೇಳಿ."

ಹೋಟೆಲಿನ ಗೋಡೆಯಲ್ಲಿದ್ದ ಬಿಲ್ಲೆಗಳೆಲ್ಲ ಬೆಳಿಗ್ಗೆಯೇ ಅವರವರ ಊರು ಸೇರಿದ್ದವು, ಸುಣ್ಣದ ಹೆಸರುಗಳನ್ನು ಒರೆಸಿಯಾಗಿತ್ತು. ಅದು ಸೋಮಶೇಖರನಿಗೆ ಗೊತ್ತಿರಲಿಲ್ಲ. ಚಿಕ್ಕಣ್ಣನಿಗೆ ಗೊತ್ತಿತ್ತು.

ಉಷಾರಾಣಿ ಚಿಕ್ಕಣ್ಣನ ಕಡೆ ತಿರುಗಿದಳು. "ಹೌದೇನ್ರೀ?"

ಚಿಕ್ಕಣ್ಣ ಅವಳನ್ನೂ ನೋಡಲಿಲ್ಲ, ಸಾಹೇಬನನ್ನೂ ನೋಡಲಿಲ್ಲ. ತಾನು ಎಷ್ಟೋ ಸಂಜೆ ಕೂತು ಕಾಫಿ ಕುಡಿದ ಜಗುಲಿಯನ್ನು ನೋಡಿದ. "ಇಲ್ಲ ಮೇಡಂ. ಮೊದ್ಲಿಂದ್ಲೂ ಇಲ್ಲೇ ಇತ್ತು," ಅಂದ.

ಉಷಾರಾಣಿ ಬಿಲ್ಲೆಯನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿದಳು. ಅದರ ಕೆಳಗೆ ಬಿಸಿಲು ಕಾಣದ ಬಿಳಿಚು ಗುರುತು. ಗುರುತಿಗೆ ಬಿಲ್ಲೆ ಸರಿಯಾಗಿ ಹೊಂದಿತ್ತು. ಗೋಡೆಯೂ ಸೋಮಶೇಖರನ ಕಡೆಗೆ ನಿಲ್ಲಲಿಲ್ಲ.

"ನಮ್ಮಕ್ಕ ಕಾಣೆಯಾಗವ್ಳೆ ಮೇಡಮ್ಮಾರೆ," ಅಂದ. ದನಿ ಕೂಗಾಡುವ ದನಿಯಾಗಿರಲಿಲ್ಲ. "ಬರ್ಕೊಳಲ್ಲ ಅಂತಾರೆ."

ಅವಳ ಮುಖದಲ್ಲಿ ನಿಜವಾಗಿಯೂ ಮರುಕವಿತ್ತು. "ಇದು ನಮ್ಮ ಪ್ರಶ್ನೆಗಳಲ್ಲಿ ಬರಲ್ಲಪ್ಪ," ಅಂದಳು. "ಸಬ್ ಇನ್ಸ್‌ಪೆಕ್ಟರ್ರೇ, ಇವರ ದೂರು ತಗೊಳ್ಳಿ."

"ಖಂಡಿತಾ ಮೇಡಂ. ಬಂದೇ ಇರಲಿಲ್ಲ ಇವನು. ನಾಳೆನೇ ಬಾರಪ್ಪ," ಅಂದ ಚೇತನ್ಕುಮಾರ್. ಅಪ್ಪ ಅಂದ. ಜೀಪುಗಳು ಧೂಳೆಬ್ಬಿಸಿ ಹೋದವು.

ಮಾರನೆಯ ದಿನ ಠಾಣೆಯಲ್ಲಿ ಹೊಸ ಕುರ್ಚಿಯ ಮೇಲೆ ಕೂರಿಸಿದರು. ನೀರು ಕೊಟ್ಟರು. ದೂರನ್ನು ಆಗಲೇ ಬರೆದಿಟ್ಟಿದ್ದರು. ಸಹಿ ಮಾತ್ರ ಬಾಕಿ. ಸೋಮಶೇಖರ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ. ನಿನ್ನೆ ಸಂಜೆಯಿಂದ ಮನೆಯಿಂದ ಕಾಣೆ ಅಂತ ಇತ್ತು.

"ನಿನ್ನೆ ಅಲ್ಲ ಸಾ. ಸಂಕ್ರಾಂತಿ ಆದ್ಮೇಲೆ ಹೋದ್ಲು. ಕೊಡಗಿಗೆ, ಕಾಂತರಾಜ್ ಜೀಪಲ್ಲಿ."

"ಹಂಗೆ ಬರೆಯೋಕಾಗಲ್ವಲ್ಲೋ." ಚೇತನ್ಕುಮಾರನಿಗೆ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸಿ ಹೇಳುವ ಮೇಷ್ಟರ ತಾಳ್ಮೆಯಿತ್ತು. "ಸಂಕ್ರಾಂತಿಯಿಂದ ದಿನಾ ನಮ್ಮ ಪೇದೆ ನಿಮ್ಮನೆಗೆ ಬಂದಿದ್ದಾನೆ. ಕಂಪ್ಯೂಟರಲ್ಲಿದೆ. ಮೇಡಂ ನೋಡಿ ಒಪ್ಪಿದ್ದಾರೆ. ಬರ್ತಾರೆ ಅಂತ ನೀನೇ ಹೇಳಿದ್ದೀಯ. ನಿಮ್ಮಕ್ಕ ಇಲ್ದೇ ಇದ್ದಿದ್ರೆ ಅವನಿಗೆ ಗೊತ್ತಾಗ್ತಿರ್ಲಿಲ್ವಾ? ಅಂದ್ರೆ ನಿನ್ನೇವರೆಗೂ ಇದ್ಲು."

"ಇರ್ಲಿಲ್ಲ ಸಾ."

"ಕಂಪ್ಯೂಟರ್ ಸುಳ್ಳು ಹೇಳುತ್ತಾ?"

"ಇಂಗೆ ಬರುದ್ರೆ ಕಾಂತರಾಜನ್ನ ಯಾರು ಕೇಳ್ತಾರೆ?"

"ಅವಳು ವಾಪಸ್ ಬಂದಿದ್ದಾಳಲ್ಲ. ಕಾಂತರಾಜನ್ನ ಯಾಕೆ ಕೇಳ್ಬೇಕು?"

ಗೋಡೆಗೆ ಒರಗಿ ನಿಂತಿದ್ದ ಚಿಕ್ಕಣ್ಣ ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದ. ಅಷ್ಟೂ ಹಸಿರು ದೀಪಗಳು ಒಟ್ಟಾಗಿ ನಿಂಗಿಯನ್ನು ಕೊಡಗಿನಿಂದ ವಾಪಸು ಕರೆತಂದು, ಮನೆಯಲ್ಲಿ ಕೂರಿಸಿ, ಕಾಫಿ ಕಾಸಿಸಿ, ನಿನ್ನೆ ಸಂಜೆಗೆ ಸರಿಯಾಗಿ ಮತ್ತೆ ಕಳೆದುಹಾಕಿದ್ದವು. ಸಹಿ ಹಾಕಿದರೆ ಕೇಸಾಗುತ್ತದೆ. ಆದರೆ ಕಳೆದದ್ದೊಂದು ಕಡೆ, ಹುಡುಕುವುದು ಇನ್ನೊಂದು ಕಡೆ. ಸೋಮಶೇಖರ ಪೆನ್ನನ್ನು ಮೇಜಿನ ಮೇಲಿಟ್ಟ. ಎದ್ದಾಗ ಹೊಸ ಕುರ್ಚಿಯ ಪ್ಲಾಸ್ಟಿಕ್ಕು ಅವನ ಬೆವರಿಗೆ ಅಂಟಿ ಚರ್ ಅಂತು.

ಮರುದಿನ ಬೆಳಗಾಗುತ್ತಿದ್ದ ಹಾಗೆ ಬಿಲ್ಲೆಯನ್ನು ಗೋಡೆಯಿಂದ ಕಿತ್ತ. ಮೇಣ ಎಳೆಎಳೆಯಾಗಿ ಬಂತು. ಅಕ್ಕನ ಆಧಾರ್ ಕಾರ್ಡಿನ ಜೊತೆಗೆ ಜೇಬಿನಲ್ಲಿಟ್ಟುಕೊಂಡು ಬಾಗಿಲಿಗೆ ಅಗುಳಿ ಹಾಕಿದ. ತಾಲ್ಲೂಕು ಕೇಂದ್ರ ಕೋಟೆಗೆ ಬಂದು ಹುಣಸೂರಿನ ಬಸ್ಸು ಹಿಡಿದ, ಹುಣಸೂರಿನಲ್ಲಿ ಪಿರಿಯಾಪಟ್ಟಣದ ಬಸ್ಸು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದವರು ಇಳಿದ ಮೇಲೆ ಅಲ್ಲಿ ಯಾರೂ ಬಂದು ಕೂರಲಿಲ್ಲ. ಹೊರಗೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳು ಸುಗ್ಗಿ ಮುಗಿದು ಬಾಗಿಲು ಹಾಕಿಕೊಂಡು ನಿಂತಿದ್ದವು.

ಪಿರಿಯಾಪಟ್ಟಣ ದಾಟಿದ ಮೇಲೆ ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯಲಾ?" ಚಿಕ್ಕಣ್ಣ ಏದುಸಿರು ಬಿಡುತ್ತಿದ್ದ. "ನಿಮ್ಮನೆ ಗೋಡೆ ನೋಡ್ಕಂಡು ಬಂದು, ಬಂಡೆ ಹತ್ತಿ ಫೋನ್ ಮಾಡ್ತಿವ್ನಿ. ಬಿಲ್ಲೆ ಎಲ್ಲಿ? ಪ್ರೈಜ್ ಕೊಡೋಕ್ ಮುಂಚೆ ಇನ್ನೊಂದ್ಸಲ ನೋಡೋಕ್ ಬರ್ತಾರಂತೆ ಕಣ್ಲಾ. ಫೋಟೋ ತಗಂಡೋಗವ್ರೆ. ಅದು ಇಲ್ದಿದ್ರೆ ನನ್ನ ಸಸ್ಪೆಂಡ್ ಮಾಡ್ತಾರೆ."

"ನನ್ ತಾವೇ ಐತೆ."

"ತಂದ್ಕೊಡಪ್ಪ. ಕೈ ಮುಗೀತೀನಿ."

"ನೀವೇ ಬನ್ನಿ. ಸಿದ್ದಾಪುರದ ಕಡೆ ಹೋಗ್ತಿವ್ನಿ. ಕಾಂತರಾಜ ಕರ್ಕಂಡೋದ ತೋಟದ ಗೇಟಿಗೆ ಅಂಟಿಸ್ಕಂಡು ಅಲ್ಲೇ ಕೂತಿರ್ತೀನಿ. ಇನ್ಮ್ಯಾಲೆ ನಿಮ್ ಪಾಯಿಂಟು ಅದೇ. ಬಂದು ಮುಟ್ಟಿಸಿ."

"ಲೇ, ಅದು ಬೇರೆ ಜಿಲ್ಲೆ ಕಣ್ಲಾ!"

"ಬಂದು ಕೂಗಿ ಚಿಕ್ಕಣ್ಣಣ್ಣ. ಮೊದ್ಲು ಕೂಗ್ತಿದ್ರಲ್ಲ, ಅಂಗೇ. ಅಲ್ಲಿ ಕೂಗಿದ್ರೆ ಅವಳಿಗೆ ಕೇಳಿಸ್ಬೌದು."

ಆ ಕಡೆಯಿಂದ ಬಂಡೆಯ ಮೇಲಿನ ಗಾಳಿಯ ಸದ್ದು ಬಂತು. ಆಮೇಲೆ ಆ ಒಂದು ಕಡ್ಡಿಯೂ ಹೋಯಿತು ಅಂತ ಕಾಣುತ್ತದೆ. ಫೋನು ಸುಮ್ಮನಾಯಿತು.

ಕಾಫಿ ತೋಟಗಳ ಬೇಲಿ ಶುರುವಾಯಿತು. ಸಿಲ್ವರ್ ಮರಗಳ ನೆರಳು ಬಸ್ಸಿನೊಳಗೆ ಬಂದು ಖಾಲಿ ಸೀಟುಗಳ ಮೇಲೆ ಹರಿದು ಹೋಗುತ್ತಿತ್ತು. ಜೇಬಿನಲ್ಲಿ ಮೈಯ ಶಾಖಕ್ಕೆ ಮೇಣ ಮೆತ್ತಗಾಗಿ, ಬಿಲ್ಲೆ ಅಂಗಿಗೆ ಅಂಟಿಕೊಂಡಿತ್ತು. ಹಿಂದಿನಿಂದ ಯಾವುದಾದರೂ ಬೈಕಿನ ಸದ್ದು ಕೇಳಿದಾಗೆಲ್ಲ ಸೋಮಶೇಖರ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದ. ಬೈಕು ಬಸ್ಸನ್ನು ದಾಟಿ ಮುಂದೆ ಹೋಗುತ್ತಿತ್ತು. ಅವನು ಮತ್ತೆ ಕತ್ತು ಒಳಗೆ ಎಳೆದುಕೊಂಡು, ಮುಂದಿನದಕ್ಕೆ ಕಿವಿ ಕೊಟ್ಟು ಕೂರುತ್ತಿದ್ದ.